ಕರಿಬಂಡೆ ಹತ್ತಿದ ಕಾರು

"ಕೇಳ್ರಪ್ಪೋ ಕೇಳಿ! ಅರಸರ ಟರ್ಬೊ ಕಾರಿನ ಎಂಜಿನ್ ತಣಿಸೋ ಮೂರು ಒಗಟು ಬಿಡಿಸಿದೋರಿಗೆ ಅರ್ಧ ರಾಜ್ಯ! ಉತ್ತರ ಹೇಳಿದೋರು ಅದರಂತೆ ಕಾರು ಸಜ್ಜು ಮಾಡ್ಕೊಂಡು ಕರಿಬಂಡೆ ಬೆಟ್ಟ ಹತ್ಬೇಕು. ಸರಿಯೋ ತಪ್ಪೋ ಬೆಟ್ಟವೇ ಹೇಳ್ತದೆ!"

ಎಂದು ಡಂಗುರದವನು ಸಾರಿದ. ಅದುವರೆಗೆ ಹತ್ತಿದ ಆರು ಕಾರುಗಳೂ ಎಂಜಿನ್ ಸಿಡಿದು ಉರಿದುಹೋಗಿದ್ದವು. ಒಳಗಿದ್ದವರ ಮೂಳೆಯೂ ಮನೆಗೆ ಬರಲಿಲ್ಲ. ಆದರೂ ಜನ ಬರುತ್ತಿದ್ದರು. ಆಸೆಗೆ ಕಣ್ಣೆಲ್ಲಿದೆ?

ಅರಸ ಪ್ರಚಂಡವರ್ಮ ಒಗಟು ಹಾಕಿದ. "ಬೆಂಕಿ ತಾಗಿಸದೆ, ಅದುಮಿದಷ್ಟೂ ಕಾಯುವುದು ಯಾವುದು? ತೆಳುಗೋಡೆಯ ಆಚೀಚೆ ಬಿಸಿಯವನೊಬ್ಬ, ತಂಪಿನವನೊಬ್ಬ ಓಡುತ್ತಾರೆ. ಹೇಗೆ ಓಡಿದರೆ ಬಿಸಿಯವನು ಹೆಚ್ಚು ತಣಿಯುತ್ತಾನೆ? ಗಾಳಿಯಿಂದ ತಣಿಸುವ ಜಾಲರಿ ಒಂದು, ನೀರಿನಿಂದ ತಣಿಸುವ ಪೆಟ್ಟಿಗೆ ಒಂದು, ಕರಿಬಂಡೆಗೆ ಯಾವುದು?"

ಸೇನಾಪತಿಯ ಮಗ ಮೀಸೆ ತಿರುವಿದ. "ಕಾಯುವುದು ಗಾಳಿ. ಇಬ್ಬರೂ ಒಂದೇ ದಿಕ್ಕಿಗೆ ಜೊತೆಯಾಗಿ ಓಡಬೇಕು. ಜಾಲರಿ ಸಾಕು, ಗಾಳಿಗೇನು ಬರವೇ?" ಚಾಲಕನೊಬ್ಬನನ್ನು ಕರೆದುಕೊಂಡು ಹೊರಟ. ಏಳನೇ ತಿರುವಿನಲ್ಲಿ ಕಾರು ತೆವಳತೊಡಗಿತು, ಜಾಲರಿಗೆ ಗಾಳಿ ಹೊಡೆಯಲಿಲ್ಲ. ಬೆಟ್ಟದಿಂದ ಹೊಗೆ ಎದ್ದಿತು. ಅರಸ ಹಾಳೆಯ ಮೇಲೆ ಏನೋ ಗೀಚಿಕೊಂಡ.

ಜವಳಿ ಸಾಹುಕಾರ ಜಾಣನಂತೆ ನಕ್ಕು, ಪೆಟ್ಟಿಗೆಯೇ ಸರಿ ಎಂದು ಇನ್ನೊಬ್ಬ ಚಾಲಕನೊಡನೆ ಹೊರಟ. ಹತ್ತೊಂಬತ್ತನೇ ತಿರುವಿನಲ್ಲಿ ಪೆಟ್ಟಿಗೆಯ ನೀರು ಕುದಿಯಿತು. ಮತ್ತೆ ಹೊಗೆ. ಅರಸ ಮತ್ತೆ ಗೀಚಿಕೊಂಡ.

ಅರಮನೆಯ ಚಾಲಕರಲ್ಲಿ ಮುಂದಿನ ಸರದಿ ಮರಿಬಸವನದು, ಕಾರಿನ ಕೀಲಿಕೈ ಅವನ ಕೈಗೆ ಬಂತು. ಅವನ ತಂಗಿ ದೇವೀರಿ ಗಂಧದೆಣ್ಣೆ ಭಟ್ಟಿಯಲ್ಲಿ ನೀರು ಹಾಯಿಸುವ ಕೂಲಿಯವಳು. ಅಣ್ಣನ ಮುಖ ಬಿಳಿಚಿದ್ದು ಕಂಡು, ಅವಳೇ ಮುಂದೆ ಬಂದಳು.

"ಬುದ್ಧೀ, ಅದುಮಿದ್ರೆ ಕಾಯೋದು ಗಾಳಿ. ಸೈಕಲ್ ಪಂಪಿನ ಬುಡ ಮುಟ್ನೋಡಿ. ಎಂಜಿನ್ನಿಗೆ ಗಾಳಿ ಅದುಮಿ ತುಂಬೋ ಟರ್ಬೊ ಮಾಡೋದೂ ಅದನ್ನೇ. ಆ ಬಿಸಿಗಾಳಿ ಹಂಗೇ ಒಳಕ್ಕೆ ಹೋದ್ರೆ ಎಂಜಿನ್ ಸಿಡೀತದೆ. ಎರಡ್ನೇದು, ಎದುರುಬದುರು ಓಡ್ಬೇಕು. ನಮ್ ಭಟ್ಟೀಲಿ ಆವಿ ಮೇಲಿಂದ ಇಳೀತದೆ, ಕೊಳವೆ ಸುತ್ತ ತಣ್ಣೀರು ಕೆಳಗಿಂದ ಏರ್ತದೆ. ಜೊತೇಲಿ ಬಿಟ್ರೆ ಎರಡೂ ಉಗುರುಬೆಚ್ಚಗಾಗಿ ನಿಂತೋಯ್ತವೆ. ಎದುರಿಂದ ಬಂದ್ರೆ ಕೊನೇಗಂಟ ಹೊಸ ತಂಪು ಸಿಕ್ತದೆ."

"ಮೂರನೆಯದು?"

"ಬಯಲಲ್ಲಿ ಓಡೋ ಕಾರಿಗೆ ಜಾಲರಿ ಸೈ, ಹಗುರ. ಏರಲ್ಲಿ ತೆವಳೋ ಕಾರಿಗೆ ನೀರು. ಆದ್ರೆ ನೀರು ಬಿಸೀನ ನುಂಗಾಕಿಲ್ಲ, ಇಟ್ಕೊತದೆ ಅಷ್ಟೆ. ತೊಟ್ಟಿ ನೀರು ಕಾದ್ರೆ ನಾವು ಆಚೆ ಹಾಯಿಸಿ ಆರಿಸ್ತೀವಿ. ಹಂಗೇ ಕಾರಿನ ಮೂತೀಗೆ ಆ ನೀರು ಆರಿಸೋ ಇನ್ನೊಂದು ಜಾಲರಿ, ಅದಕ್ಕೊಂದು ಫ್ಯಾನ್ ಇಡಿ."

ಅರಸ ಮುಂದೆ ಬಾಗಿದ. "ಇದು ಸರಿಯೇ?"

ದೇವೀರಿಗೆ ಆಗ ಹೊಳೆಯಿತು, ಇವನಿಗೇ ಉತ್ತರ ಗೊತ್ತಿಲ್ಲ.

"ಉತ್ತರ ಗೊತ್ತಿದ್ದೋರು ಒಗಟು ಹಾಕ್ತಾರೆ ಬುದ್ಧೀ. ನೀವು ಹೆಣ ಎಣಿಸ್ಕಂಡು ಕಲೀತಿದ್ರಿ. ಅರ್ಧ ರಾಜ್ಯ ಬ್ಯಾಡ. ನಮ್ಮಣ್ಣನ ಬಿಡಿ. ಕಾರು ನೀವೇ ಓಡ್ಸಿ, ಪಕ್ಕದಲ್ಲಿ ನಾನು ಕೂರ್ತೀನಿ."

ಇಡೀ ಸಭೆ ಅರಸನನ್ನೇ ದಿಟ್ಟಿಸಿತು. ಅಷ್ಟು ಕಣ್ಣುಗಳೆದುರು ಹಿಂದೆ ಸರಿಯಲು ಅವನಿಗೆ ದಾರಿಯಿರಲಿಲ್ಲ. ಮರಿಬಸವ ಅವನಿಗೆ ಕೀಲಿಕೈ ಒಪ್ಪಿಸಿದ.

ದೇವೀರಿ ಹೇಳಿದಂತೆಯೇ ಕಾರು ಸಜ್ಜಾಯಿತು. ಏಳನೇ ತಿರುವು ದಾಟಿತು. ಹತ್ತೊಂಬತ್ತನೆಯದರಲ್ಲಿ ಸುಟ್ಟ ವಾಸನೆ ಇನ್ನೂ ಇತ್ತು. ಅರಸ ಬೆವೆತು ಒದ್ದೆಯಾಗಿದ್ದ. ಎಂಜಿನ್ ಒಂದೇ ಸಮನೆ ಗುನುಗಿತು, ಕಾರು ನೆತ್ತಿ ಮುಟ್ಟಿತು.

ಕೆಳಗೆ ಕಂದಕದಲ್ಲಿ ಎಂಟು ಕರಕಲು ಕಾರುಗಳು ಬಿದ್ದಿದ್ದವು. ಅರಸ ಕೂತಲ್ಲಿಂದಲೇ ಅವನ್ನು ನೋಡಿದ.

"ನನಗೆ ಜೀವವೇ ಹೋದಂತಾಯಿತು," ಎಂದ.

"ಅವ್ರಿಗೆ ನಿಜವಾಗ್ಲೂ ಹೋಯ್ತು ಬುದ್ಧೀ," ಎಂದು ದೇವೀರಿ ಬಾಗಿಲು ತೆರೆದು, ಬೆಟ್ಟದ ಬುಡದಲ್ಲಿ ಕಾಯುತ್ತಿದ್ದ ಅಣ್ಣನ ಕಡೆಗೆ ಇಳಿದು ನಡೆದಳು.