ತಿಪ್ಪಕ್ಕನ ಕಮಾನು

ಮುದ್ದಾಪುರದ ದಿಣ್ಣೆಯ ಮೇಲಿರುವ ಇಂಗ್ಲಿಷರ ಕಾಲದ ಬಂಗಲೆಯ ಗೋಡೆಯಲ್ಲಿ 'ರೋಸ್‌ಮೌಂಟ್' ಎಂದು ಕೆತ್ತಿದ ಕಲ್ಲೊಂದಿದೆ. ಆ ಹೆಸರು ಹೇಳಿ ಊರಿನಲ್ಲಿ ದಾರಿ ಕೇಳಿ ನೋಡಿ, ಪಿಳಿಪಿಳಿ ಕಣ್ಣು ಬಿಡುತ್ತಾರೆ. ತಿಪ್ಪಕ್ಕನ ಕಮಾನು ಎಂದರೆ ಮಕ್ಕಳೂ ಕೈ ತೋರುತ್ತವೆ. ಆಳೆತ್ತರದ ಕಿಟಕಿಗಳು, ಇಳಿಜಾರು ಹೆಂಚಿನ ಮಾಡು, ಹೊಗೆ ಕಂಡು ಎಷ್ಟೋ ಕಾಲವಾದ ಎರಡು ಹೊಗೆಗೂಡು, ಮುಂದೆ ಸಾರೋಟು ಬಂದು ನಿಲ್ಲಲೆಂದು ಕಟ್ಟಿದ ಭಾರಿ ಕಲ್ಲಿನ ಕಮಾನು. ವಿಚಿತ್ರವೆಂದರೆ, ಹೆಬ್ಬಾಗಿಲಿನಿಂದ ನೇರವಾಗಿ ಕಮಾನಿನತ್ತ ಬರುವ ರಸ್ತೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಥಟ್ಟನೆ ಬಲಕ್ಕೆ ಹೊರಳಿ, ಮನೆಯನ್ನು ಬಳಸಿ, ಅಡುಗೆಮನೆಯ ಹಿತ್ತಿಲ ಬಾಗಿಲಿಗೆ ಹೋಗುತ್ತದೆ.

ಹಿಂದೆ ಒಮ್ಮೆ ವಿಟ್‌ಕೋಂಬ್ ಎಂಬ ಸಾಹೇಬ ತನ್ನ ದೇಶದ ಮನೆಯ ನಕ್ಷೆಯನ್ನೇ ತರಿಸಿ ಈ ಬಂಗಲೆ ಕಟ್ಟಿಸಿದನಂತೆ. ಕಮಾನು ಕಟ್ಟಿದವನು ಪಾಲಯ್ಯ. ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಗಾರೆ ಅರೆದವಳು ಅವನ ಹೆಂಡತಿ ತಿಪ್ಪಕ್ಕ. ಗಾರೆ ಗಟ್ಟಿಯಾಗುವ ತನಕ, ಅಂದರೆ ನಲವತ್ತು ದಿನ, ಕಮಾನಿನ ಕೆಳಗೆ ಮರದ ಆಸರೆ ಇರಬೇಕು. ಅದನ್ನು ತೆಗೆಯುವಾಗ ಕಟ್ಟಿದವನೇ ಕೆಳಗೆ ನಿಲ್ಲಬೇಕೆಂಬುದು ಪಾಲಯ್ಯನ ಮನೆತನದ ಕಟ್ಟಳೆ. ಅವನಪ್ಪ ನಿಂತಿದ್ದ, ತಾತನೂ ನಿಂತಿದ್ದ. ಸಾಹೇಬನಿಗೆ ಇಪ್ಪತ್ತನೆಯ ದಿನಕ್ಕೇ ಆತುರ ಹತ್ತಿತು. ಮರುದಿನ ಮೇಲಧಿಕಾರಿ ಊಟಕ್ಕೆ ಬರುವವನಿದ್ದ. ಅವನ ಸಾರೋಟಿಗೆ ಆ ಮರಗಳೇ ಅಡ್ಡ. ಈಗಲೇ ತೆಗೆಯಿರಿ ಎಂದ. ಪಾಲಯ್ಯ ಬೇಡವೆಂದು ಕೈಮುಗಿದ.

"ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ಲವೋ?" ಎಂದು ಸಾಹೇಬ ನಕ್ಕ.

ಅಷ್ಟು ಸಾಕಾಯಿತು. ಪಾಲಯ್ಯ ರುಮಾಲು ಬಿಗಿದು ಕಮಾನಿನ ಕೆಳಗೆ ಹೋಗಿ ನಿಂತ. ಕಲ್ಲು ಎಂಥದೆಂದು ಗಂಡನಿಗೆ ಗೊತ್ತು, ಗಾರೆ ಎಂಥದೆಂದು ತಿಪ್ಪಕ್ಕನಿಗೆ ಗೊತ್ತು. ಓಡಿಹೋಗಿ ಕಲ್ಲಿನ ಸಂದಿಗೆ ಹೆಬ್ಬೆರಳ ಉಗುರು ಒತ್ತಿದಳು. ಉಗುರು ಸಲೀಸಾಗಿ ಇಳಿಯಿತು. ಈ ಗಂಡಸರ ಹಟಕ್ಕಿಷ್ಟು ಬೆಂಕಿ ಬೀಳ ಎಂದು ಮನಸ್ಸಿನಲ್ಲೇ ಶಪಿಸಿದಳು. ಕೈ ಹಿಡಿದು ಎಳೆದಳು, ಅವನು ಕದಲಲಿಲ್ಲ. ಅಷ್ಟರಲ್ಲಿ ಆಳೊಬ್ಬ ಕೊಡತಿ ಎತ್ತಿ ಆಸರೆಯ ಮೊದಲ ಬೆಣೆಗೆ ಹೊಡೆದ. ಹಸಿ ಗಾರೆಯ ಹೆಂಟೆಯೊಂದು ಪಾಲಯ್ಯನ ಹೆಗಲ ಮೇಲೆ ಬಿತ್ತು. ಕೊಡತಿ ಮತ್ತೆ ಮೇಲೆದ್ದಾಗ ತಿಪ್ಪಕ್ಕ ಗಂಡನಿಗೆ ಒತ್ತಿ ನಿಂತು ಕೂಗಿದಳು ಎನ್ನುತ್ತಾರೆ:

"ಕಲ್ಲು ಕಟ್ಟಿದೋನು ಇಲ್ಲೇ ಅವ್ನೆ. ಗಾರೆ ಅರೆದೋಳು ನಾನೂ ಬಂದೀನಿ. ಆಸರೆ ತೆಗೀರಿ ಅಂದೋರು ನೀವು ಸಾಮಿ, ನೀವೂ ಬರ್ರಿ. ಮೂರು ಜನಾನೂ ನಿಂತ್ಕಳ್ಳಾನ."

ಅಷ್ಟು ಜನರೆದುರು ಸಾಹೇಬ ಹಿಂಜರಿಯುವುದಾದರೂ ಹೇಗೆ? ಒಂದು ಹೆಜ್ಜೆ ಇಟ್ಟ, ಎರಡು ಇಟ್ಟ. ಮೂರನೆಯದಕ್ಕೆ ಕಾಲೆತ್ತಿದಾಗ ಮೇಲೆಲ್ಲೋ ಲಟಕ್ಕೆಂದಿತು. ಎತ್ತಿದ ಕಾಲು ಹಾಗೆಯೇ ಹಿಂದಕ್ಕೆ ಹೋಯಿತು. ಬೆವರೊರೆಸಿಕೊಂಡು, ಬೆಣೆಯನ್ನು ಮತ್ತೆ ಬಡಿದು ಕೂರಿಸಲು ಹೇಳಿದ. ಆ ಸಂಜೆಯೇ ಆಳು ಹಚ್ಚಿ ಹಿತ್ತಿಲಿಗೆ ರಸ್ತೆ ತಿರುಗಿಸಿದ. ಮೇಲಧಿಕಾರಿ ಅಡುಗೆಮನೆಯ ಹೊಗೆಯಲ್ಲಿ ಕೆಮ್ಮುತ್ತಾ ಇಳಿದನಂತೆ. ನಲವತ್ತನೆಯ ದಿನ ಗಂಡಹೆಂಡತಿ ಇಬ್ಬರೂ ನಿಂತು ಆಸರೆ ತೆಗೆಸಿದರು. ಕಮಾನು ಕೂದಲೆಳೆಯಷ್ಟೂ ಅಲುಗಲಿಲ್ಲ. ಕಂಬಕ್ಕೆ ಬಳಿದ ಹಸಿ ಗಾರೆಯ ಮೇಲೆ ಇಬ್ಬರೂ ಅಂಗೈ ಒತ್ತಿದರು. ಸಾಹೇಬ ಮಾತ್ರ ಊರು ಬಿಡುವವರೆಗೂ ಅದರಡಿ ಹಾಯಲಿಲ್ಲ.

ನೋಡಲು ಬಂದವರಿಗೆ ಆ ಎರಡು ಅಂಗೈಗಳು ಇಂದಿಗೂ ಕಾಣಸಿಗುತ್ತವೆ. ಒಂದು ಅಗಲ, ಇನ್ನೊಂದು ಚಿಕ್ಕದು. ಚಿಕ್ಕದೇ ಆಳವಾಗಿ ಮೂಡಿದೆ. ಕಟ್ಟಿಸಿದ ಸಾಹೇಬರ ಗುರುತು ಏನೂ ಇಲ್ಲವೇ ಎಂದು ಯಾರಾದರೂ ಕೇಳಿದರೆ ಬಂಗಲೆಯ ಕಾವಲುಗಾರ ರಸ್ತೆಯ ತಿರುವಿನತ್ತ ಕೈ ಚಾಚುತ್ತಾನೆ.

"ಅಗಾ, ಅಲ್ಲೈತಲ್ಲ."