ನಕ್ಷತ್ರಲೋಕದ ರಾಜನ ಕಿರೀಟ

"ಗುರುಗಳೇ, ಕೆಟ್ಟದ್ದನ್ನು ಕೆಟ್ಟದ್ದು ಎಂದರೆ ತಪ್ಪೇ?"

ಕೇಳಿದವನು ಕಲ್ಲೇಶ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ರಜೆಯ ದಿನ ಆಶ್ರಮಕ್ಕೆ ಬಂದು ಗುರುಗಳ ಬಳಿ ಕೂರುವವನು. ಬೇರೆ ಗ್ರಹಕ್ಕೆ ಹೋಗುವ ಜನರ ಕಥೆಯೊಂದು ಟಿ.ವಿ.ಯಲ್ಲಿ ಧಾರಾವಾಹಿಯಾಗಿ ಬರುತ್ತದೆಂದು ಅವನು ಆರು ತಿಂಗಳು ಕಾದಿದ್ದ. ಬಂತು, ನೋಡಿದ. ಗಾಳಿಯೇ ಇಲ್ಲದ ಗ್ರಹದಲ್ಲಿ ನಾಯಕಿಯ ಸೆರಗು ಪಟಪಟನೆ ಹಾರಾಡುತ್ತಿತ್ತು. ಇಂಥವನ್ನೆಲ್ಲ ಹೆಕ್ಕಿ ಮೊಬೈಲಿನಲ್ಲಿ ಬರೆದು ಹಾಕಿದ. ಎಂಟುನೂರು ಜನ ಮೆಚ್ಚಿದರು. ಒಬ್ಬರು ಮಾತ್ರ, 'ಯಾರೋ ಕಷ್ಟಪಟ್ಟು ಮಾಡಿದ್ದಾರೆ, ಇಷ್ಟು ಹೀಯಾಳಿಸಬೇಡಿ' ಎಂದು ಬರೆದಿದ್ದರು. ಆ ಮಾತು ಅವನಿಗೆ ಚುಚ್ಚುತ್ತಲೇ ಇತ್ತು.

"ಬರೆದದ್ದನ್ನು ಓದು" ಎಂದರು ಗುರುಗಳು.

ಓದಿದ. ಸೆರಗಿನ ಮಾತು ಬಂದಾಗ ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಚೆನ್ನಾಗಿ ಬರೀತೀಯ ಕಣಯ್ಯ, ಅದೇ ನನಗೆ ಭಯ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೇಡಿಯೋ ರಿಪೇರಿಯವನಿದ್ದ. ಇಡೀ ಬೀದಿಗೆ ಟಿ.ವಿ. ಇದ್ದದ್ದು ಅವನ ಮನೆಯಲ್ಲಿ ಮಾತ್ರ. ವಿಜ್ಞಾನದ ನಾಲ್ಕು ಪುಸ್ತಕ ಓದಿಕೊಂಡಿದ್ದ. ಅಷ್ಟಕ್ಕೇ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಕ್ಷತ್ರಲೋಕದಿಂದ ಭೂಮಿಗೆ ಬರುವವರ ಕಥೆ ಪ್ರತಿ ಭಾನುವಾರ ಬೆಳಿಗ್ಗೆ ಧಾರಾವಾಹಿಯಾಗಿ ಬರುತ್ತದೆ ಎಂದು ಪೇಪರಿನಲ್ಲಿ ಓದಿದ ದಿನದಿಂದ ಅವನಿಗೆ ಬೇರೆ ಮಾತೇ ಇಲ್ಲ. "ನೋಡ್ತಾ ಇರಿ, ವಿಜ್ಞಾನ ಅಂದರೆ ಏನು ಅಂತ ಆವತ್ತು ಗೊತ್ತಾಗುತ್ತೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಬೀದಿಯವರನ್ನೆಲ್ಲ ಕರೆದ. ಚಾಪೆ ಸಾಲದೆ ಪಕ್ಕದ ಮನೆಯಿಂದ ಜಮಖಾನ ತಂದು ಹಾಸಿದ.

ಬಂದವರಲ್ಲಿ ಒಬ್ಬ ವೇಷದಂಗಡಿಯವನಿದ್ದ. ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಕಿರೀಟ, ಗದೆ, ನಿಲುವಂಗಿ ಮಾಡಿ ಬಾಡಿಗೆಗೆ ಕೊಡುವುದು ಅವನ ಕಸುಬು. ಆ ಧಾರಾವಾಹಿಯ ವೇಷಗಳನ್ನು ಹೊಲಿದವನು ಇವನೇ. ಇದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನೇ ಹೇಳಿರಲಿಲ್ಲ. ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅಲ್ಲಿ ತನ್ನ ಹೆಸರನ್ನು ಬೀದಿಯವರೆಲ್ಲ ಒಟ್ಟಿಗೆ ನೋಡಲಿ ಎಂದು ಆಸೆ ಇಟ್ಟುಕೊಂಡಿದ್ದ. ಹೆಂಡತಿಗೆ ಹೊಸ ಸೀರೆ ಉಡಿಸಿ ಕರೆದುಕೊಂಡು ಬಂದಿದ್ದ. ಪಾಪ, ಇಷ್ಟೇ ಅವನ ಆಸೆ.

ಈಗ ಅವನು ಮಾಡಿದ ತಪ್ಪು ಕೇಳು. 'ನಕ್ಷತ್ರಲೋಕದ ರಾಜನಿಗೆ ವೇಷ ಬೇಕು' ಎಂದು ಧಾರಾವಾಹಿಯವರು ಹೇಳಿ ಹೋಗಿದ್ದರು. ನಕ್ಷತ್ರಲೋಕ ಅವನು ಕಂಡದ್ದಲ್ಲ. ರಾಜ ಮಾತ್ರ ಗೊತ್ತಿತ್ತು. ರಾಜ ಎಂದ ಮೇಲೆ ಕಿರೀಟ ಬೇಡವೇ? ಭುಜಕೀರ್ತಿ ಬೇಡವೇ? ಗಂಡ ಹೆಂಡತಿ ಕೂತು ನಲವತ್ತು ದಿನ ಮಾಡಿದರು. ಚಿನ್ನದ ಕಾಗದ ಹಚ್ಚುವಲ್ಲಿ ಬೆಳ್ಳಿ ಕಾಗದ ಹಚ್ಚಿದರು. ಅಷ್ಟೇ ವ್ಯತ್ಯಾಸ.

ಧಾರಾವಾಹಿ ಶುರುವಾಯಿತು. ಆಕಾಶನೌಕೆ ಇಳಿಯಿತು, ಬಾಗಿಲು ತೆರೆಯಿತು. ಒಂದೂವರೆ ಮೊಳದ ಬೆಳ್ಳಿ ಕಿರೀಟ ಇಟ್ಟುಕೊಂಡ ರಾಜ ಹೊರಗೆ ಬರಲು ಹೋದ. ಕಿರೀಟ ಬಾಗಿಲಿಗೆ ತಗಲಿತು. ತಲೆ ಬಗ್ಗಿಸಿದ. ಆಗ ಭುಜಕೀರ್ತಿ ಸಿಕ್ಕಿಕೊಂಡಿತು. ಕೊನೆಗೆ ನಕ್ಷತ್ರಲೋಕದ ರಾಜ ಅಡ್ಡಡ್ಡಲಾಗಿ ತೂರಿಕೊಂಡು ಭೂಮಿಗೆ ಬಂದ. ಕೂತವರೆಲ್ಲ ಹೋ ಎಂದು ನಕ್ಕರು. "ಏನಯ್ಯ, ಇದೇ ಏನು ನಿನ್ನ ವಿಜ್ಞಾನ?" ಎಂದು ಒಬ್ಬರು ಕೇಳಿಯೂ ಬಿಟ್ಟರು.

ರಿಪೇರಿಯವನಿಗೆ ಭೂಮಿಗಿಳಿದು ಹೋದ ಹಾಗಾಯಿತು. ತಿಂಗಳುಗಟ್ಟಲೆ ಜಂಬ ಕೊಚ್ಚಿದವನಲ್ಲವೇ? ಈಗ ಮಾನ ಉಳಿಸಿಕೊಳ್ಳಬೇಕಿತ್ತು. ಅದಕ್ಕೆ ಒಂದೇ ದಾರಿ ಹೊಳೆಯಿತು. ಎಲ್ಲರಿಗಿಂತ ಜೋರಾಗಿ ತಾನೇ ನಕ್ಕ. ಕಥೆ ಮುಗಿದದ್ದೇ ತಡ, ಎದ್ದು ಟಿ.ವಿ. ಆರಿಸಿ ಜನರ ಕಡೆ ತಿರುಗಿ, ಆ ರಾಜ ಬಾಗಿಲು ದಾಟಿದ್ದನ್ನು ತಾನೇ ನಟಿಸಿ ತೋರಿಸಿದ. ಜನ ನಕ್ಕೂ ನಕ್ಕೂ ಸುಸ್ತಾದರು. ತನ್ನನ್ನು ನೋಡಿ ನಗುತ್ತಿದ್ದವರು ಈಗ ತನ್ನ ಜೊತೆ ನಗುತ್ತಿದ್ದಾರೆ ಎಂದು ಅವನಿಗೆ ಹೋದ ಜೀವ ಬಂದಂತಾಯಿತು.

"ಇನ್ನೊಂದು ಗಳಿಗೆ ಇರಲಿ ಬಿಡಿ ಸ್ವಾಮಿ, ಹೆಸರು ಬರ್ತಿತ್ತು" ಎಂದ ವೇಷದಂಗಡಿಯವನು, ಮೆಲ್ಲಗೆ.

"ಯಾರ ಹೆಸರು ಯಾರಿಗೆ ಬೇಕು? ಸುಮ್ಮನೆ ಟಿ.ವಿ. ಬಿಸಿಯಾಗುತ್ತೆ" ಎಂದ ರಿಪೇರಿಯವನು.

ಎರಡನೆಯ ವಾರ ವೇಷದಂಗಡಿಯವನ ಹೆಂಡತಿ ಬರಲಿಲ್ಲ. ಮೈಗೆ ಸರಿಯಿಲ್ಲ ಎಂದ. ಅವನು ಮಾತ್ರ ಬಂದ, ಪ್ರತಿ ವಾರವೂ ಬಂದ. ಯಾಕೆ ಬಂದ ಎಂದು ಕೇಳಬೇಡ. ಒಂದು ವಾರವಾದರೂ ಟಿ.ವಿ. ಆರದೆ ಉಳಿದೀತು ಎಂದು ಬಂದನೋ ಏನೋ. ಪ್ರತಿ ವಾರ ಕಥೆ ಮುಗಿಯುತ್ತಲೇ ರಿಪೇರಿಯವನು ಆರಿಸುತ್ತಿದ್ದ, ಎದ್ದು ನಿಂತು ಆಡಿಕೊಳ್ಳುತ್ತಿದ್ದ. ಆಡಿಕೊಳ್ಳುವುದನ್ನು ಕೇಳಲೆಂದೇ ಪಕ್ಕದ ಬೀದಿಯವರೂ ಬರತೊಡಗಿದರು.

ಆಡಿಕೊಂಡರೆ ಸಾಕಿತ್ತು. ಸಾಲಲಿಲ್ಲ. ನಾಲ್ಕನೆಯ ವಾರ ಟಿ.ವಿ.ಯವರಿಗೆ ಒಂದು ಕಾಗದ ಬರೆದ. ಕಿರೀಟ ಬಾಗಿಲಿಗೆ ತಗಲುವುದನ್ನು ಬರೆದ. ಬೆಳ್ಳಿ ಕಾಗದ ಕಿತ್ತು ಬಂದದ್ದನ್ನು ಬರೆದ. 'ಈ ವೇಷ ಮಾಡಿದವನಿಗೆ ವಿಜ್ಞಾನದ ಗಂಧಗಾಳಿಯೂ ಇಲ್ಲ, ದಯವಿಟ್ಟು ಇದನ್ನು ನಿಲ್ಲಿಸಿ' ಎಂದು ಮುಗಿಸಿದ. ಎಲ್ಲರಿಗೂ ಓದಿ ಹೇಳಿದ. ಚಪ್ಪಾಳೆ ಬಿತ್ತು. ಆಮೇಲೆ ಸಹಿಗೆ ಕೊಟ್ಟ. ಕಾಗದ ಜಮಖಾನದ ಮೇಲೆ ಕೈಯಿಂದ ಕೈಗೆ ಹೋಯಿತು. ವೇಷದಂಗಡಿಯವನ ಕೈಗೂ ಬಂತು. ಪೆನ್ನು ಹಿಡಿದು ಸ್ವಲ್ಪ ತಡೆದ. "ಹಾಕ್ರೀ, ಹಾಕ್ರೀ, ಹಿಂದೆ ಜನ ಕಾಯ್ತಿದ್ದಾರೆ" ಎಂದು ರಿಪೇರಿಯವನು ಅವಸರ ಮಾಡಿದ. ಹಾಕಿದ.

ಎರಡು ವಾರಕ್ಕೆ ಉತ್ತರ ಬಂತು. ಜನರ ಅಸಮಾಧಾನದಿಂದಾಗಿ ಧಾರಾವಾಹಿಯನ್ನು ಆ ಭಾನುವಾರಕ್ಕೆ ಮುಗಿಸುತ್ತೇವೆ ಎಂದು ಬರೆದಿದ್ದರು. ಬೀದಿಗೆ ಬೀದಿಯೇ ಗೆದ್ದ ಹಾಗೆ ಕುಣಿಯಿತು. ಕೊನೆಯ ಕಂತು ಮುಗಿದಾಗ ಎಲ್ಲರೂ ಎದ್ದು ರಿಪೇರಿಯವನ ಬೆನ್ನು ತಟ್ಟುವವರೇ, ಕೈ ಕುಲುಕುವವರೇ. ಆ ಗಲಾಟೆಯಲ್ಲಿ ಟಿ.ವಿ. ಆರಿಸುವುದು ಮರೆತೇ ಹೋಯಿತು. ಹೆಸರುಗಳು ಬಂದವು. ಮುಂದೆ ಕೂತಿದ್ದ ಟೀಚರಮ್ಮ ಒಬ್ಬರು ಸುಮ್ಮನೆ ಓದುತ್ತಾ ಹೋದರು. "ವೇಷಭೂಷಣ, ಎನ್. ಸಿದ್ಧರಂಗಯ್ಯ" ಎಂದು ಓದಿ ನಿಲ್ಲಿಸಿದರು. ಕೆಳಗೆ ಊರಿನ ಹೆಸರೂ ಇತ್ತು.

ಎಲ್ಲರೂ ತಿರುಗಿ ನೋಡಿದರು. ವೇಷದಂಗಡಿಯವನು ಗೋಡೆಗೆ ಒರಗಿ ಕೂತಿದ್ದ. ಎದ್ದು ಪಂಚೆ ಸರಿಮಾಡಿಕೊಂಡು, "ಆರಿಸಿ ಸ್ವಾಮಿ, ಬಿಸಿಯಾಗುತ್ತೆ" ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದ. ಕೊಂಕಿಗೆ ಅಂದದ್ದಲ್ಲ ಕಣಯ್ಯ. ಕೊಂಕಾಗಿದ್ದರೆ ಎಷ್ಟೋ ವಾಸಿಯಿತ್ತು.

ರಿಪೇರಿಯವನಿಗೆ ಅನ್ನ ಸೇರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ತಲೆ ತಗ್ಗಿಸಿ ನಿಂತ. "ತಪ್ಪಾಯಿತು. ನೀವಾದರೂ ಯಾಕೆ ಹೇಳಲಿಲ್ಲ? ಹೋಗಲಿ, ಸಹಿ ಯಾಕೆ ಹಾಕಿದಿರಿ?" ಎಂದ.

"ನಾನೊಬ್ಬ ಹಾಕದಿದ್ದರೆ ಯಾಕೆ ಅಂತ ಕೇಳ್ತಿದ್ದಿರಿ. ಆಗ ಅಷ್ಟು ಜನರ ಮುಂದೆ, ಅದನ್ನ ಮಾಡಿದೋನು ನಾನೇ ಅಂತ ಹೇಳಬೇಕಾಗ್ತಿತ್ತು" ಎಂದ ವೇಷದಂಗಡಿಯವನು. ಬೈಯಲಿಲ್ಲ. ಕೂರಲು ಸ್ಟೂಲು ಕೊಟ್ಟ.

ಅವನಿಗೊಂದು ರೂಢಿಯಿತ್ತು. ಬಾಡಿಗೆಗೆ ಹೋದ ಕಿರೀಟ ವಾಪಸು ಬರಲಿ ಎಂದು ಪ್ರತಿ ಕಿರೀಟದ ಒಳಗೂ ಕಪ್ಪು ಬಣ್ಣದಲ್ಲಿ ತನ್ನ ಹೆಸರು ಬರೆಯುತ್ತಿದ್ದ. ಅಲ್ಲಿಂದಾಚೆಗೆ ಮಾಡಿದ ಒಂದು ಕಿರೀಟದ ಒಳಗೂ ಹೆಸರು ಬರೆಯಲಿಲ್ಲ. ಎಷ್ಟೋ ಕಿರೀಟಗಳು ಯಾರ್ಯಾರದೋ ಅಂಗಡಿ ಸೇರಿದವು. ಇವು ನನ್ನವು ಎಂದು ಕೇಳಲು ಅವನು ಹೋಗಲಿಲ್ಲ. ರಿಪೇರಿಯವನು ಬೇಡಿಕೊಂಡ. ಹೆಸರು ಬರೆಯಿರಿ ಎಂದು ಅಕ್ಷರಶಃ ಕಾಲು ಹಿಡಿದ. "ಬಿಡಿ ಸ್ವಾಮಿ, ನಾಚಿಕೆ" ಎಂದನೇ ಹೊರತು ಬರೆಯಲಿಲ್ಲ. ಸಾಯುವವರೆಗೂ ಬರೆಯಲಿಲ್ಲ.

ಗುರುಗಳು ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು. ಕಲ್ಲೇಶ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಆದರೂ ಮೇಷ್ಟ್ರಲ್ಲವೇ, ಕೇಳದೆ ಇರಲಾರ.

"ಗುರುಗಳೇ, ಆ ಧಾರಾವಾಹಿ ನಿಜವಾಗಿಯೂ ಅಷ್ಟು ಕೆಟ್ಟದಾಗಿತ್ತೇ? ಅಥವಾ ಆ ರಿಪೇರಿಯವನು ಇಲ್ಲದ್ದನ್ನೆಲ್ಲ ಸೇರಿಸಿ ಬರೆದನೇ?"

"ಕೆಟ್ಟದಾಗಿಯೇ ಇತ್ತು ಕಣಯ್ಯ, ನಾನು ಬರೆದ ಕಾಗದದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ."