ಮೂವರು ನೋಡಿದ ಬ್ಲಾಕು

"ಗುರುಗಳೇ, ಅಣ್ಣ ಹಾಸಿಗೆ ಹಿಡಿದಿದ್ದಾನೆ. ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದ್ದಾನೆ. ಅವನೊಂದಿಗೆ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಹೋಗದಿದ್ದರೆ ತಪ್ಪೇ?"

ಕೇಳಿದವನು ನಿರುಪಾದಿ. ಮಠದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಹೆಸರು ಬೇಡ, ಅವನ ಮನೆಯವರು ಇದ್ದಾರೆ. ಕೆಟ್ಟು ನಿಂತ ಗಾಡಿಗೆ ಅವನ ಕೈ ತಾಗಿದರೆ ಸಾಕು, ಎದ್ದು ಓಡುತ್ತದೆ ಎಂದು ಜನ ಹೇಳುತ್ತಿದ್ದರು. ಅವನಲ್ಲಿ ಎರಡು ಬಾಗಿಲಿನ ಒಂದು ಹಳೆಯ ಕಾರಿತ್ತು. ಅಂಥ ಕಾರನ್ನು ತಯಾರಿಸುವುದು ನಿಂತು ನಲವತ್ತು ವರ್ಷ ಕಳೆದಿತ್ತು.

ವರ್ಷಕ್ಕೊಮ್ಮೆ ಹಳೆಯ ಕಾರುಗಳ ಓಟ ನಡೆಯುತ್ತಿತ್ತು. ಬೆಟ್ಟದ ಬುಡದಿಂದ ತುದಿಯವರೆಗೆ, ಒಬ್ಬರ ನಂತರ ಒಬ್ಬರು. ಆ ಓಟದಲ್ಲಿ ಒಮ್ಮೆ ಮೊದಲಿಗನಾಗಬೇಕು, ಅದೊಂದೇ ಅವನ ಆಸೆ. ಎಂಜಿನ್ನಿನ ಶಕ್ತಿಯನ್ನು ಒಂದೂವರೆ ಪಟ್ಟು ಏರಿಸುವುದಕ್ಕೆ ಬೇಕಾದ ಸಾಮಾನುಗಳನ್ನೆಲ್ಲ ಕೂಡಿಸಿಟ್ಟಿದ್ದ. ಆದರೆ ಎಂಜಿನ್ನಿನ ಬ್ಲಾಕೇ ಒಡೆದುಹೋಗಿತ್ತು. ಬ್ಲಾಕೆಂದರೆ ಎಂಜಿನ್ನಿನ ಒಡಲು. ಉಳಿದದ್ದೆಲ್ಲ ಅದರೊಳಗೆ ಕೂರಬೇಕು, ಅದರೊಳಗೆ ತಿರುಗಬೇಕು. ಒಡಲೇ ಇಲ್ಲದ ಮೇಲೆ ಉಳಿದದ್ದು ಬರೀ ಕಬ್ಬಿಣ.

ಎರಡು ವರ್ಷ ಹುಡುಕಿದ. ಹುಬ್ಬಳ್ಳಿ, ದಾವಣಗೆರೆ, ಕೊಯಮತ್ತೂರು, ಒಂದು ಗುಜರಿಯನ್ನೂ ಬಿಡಲಿಲ್ಲ. ಕೊನೆಗೆ ಒಂದು ಕಡೆ ಸಿಕ್ಕಿತು. ಅದರ ಮೈಮೇಲಿನ ಅಂಕಿಗಳನ್ನು ಬೆರಳಿನಿಂದ ಒರೆಸಿ ಓದಿದಾಗ ಅವನ ಕಣ್ಣು ತುಂಬಿಬಂತು.

ಗುಜರಿಯವನು ವಯಸ್ಸಾದ ಮನುಷ್ಯ. "ತಡಿಯಪ್ಪ" ಎಂದ. ಬ್ಲಾಕಿಗೆ ಸೀಮೆಎಣ್ಣೆ ಸವರಿದ. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿದ. ಅದರ ಮೇಲೆ ಸೀಮೆಸುಣ್ಣ ತಿಕ್ಕಿದ. ನಡುವಿನ ಬೇರಿಂಗ್ ಕೂರುವ ಜಾಗದಲ್ಲಿ, ಸುಣ್ಣದ ಬಿಳುಪಿನ ಮೇಲೆ, ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಎದ್ದಿತು. ಒಳಗಿಳಿದ ಎಣ್ಣೆ ಹೊರಗೆ ಬಂದಿತ್ತು.

"ಬಿರುಕು ಬಿಟ್ಟಿದೆ. ನೀರೆತ್ತುವುದಕ್ಕಾದರೆ ಒಯ್ಯಿ, ನಿಧಾನಕ್ಕೆ ತಿರುಗಿಕೊಂಡಿರುತ್ತದೆ. ಮನುಷ್ಯರು ಕೂರುವ ಗಾಡಿಗೆ ಬೇಡ."

"ನೀರೆತ್ತುವುದಕ್ಕೇ" ಎಂದ ಮೆಕ್ಯಾನಿಕ್. ಬ್ಲಾಕನ್ನು ತಂದ.

ಸಿಲಿಂಡರ್ ಕೊರೆದುಕೊಡುವ ಅಂಗಡಿಯೊಂದನ್ನು ಒಬ್ಬ ಹೆಂಗಸು ನಡೆಸುತ್ತಿದ್ದಳು. ಗಂಡನ ನಂತರ ಯಂತ್ರ ಅವಳ ಕೈಗೆ ಬಂದಿತ್ತು. ಅವಳ ಮುಂದೆ ಬ್ಲಾಕನ್ನು ಇಟ್ಟು, "ಇಲ್ಲೊಂದು ಗೆರೆಯಿದೆ, ಎರಕ ಹೊಯ್ಯುವಾಗ ಬಿದ್ದದ್ದಿರಬೇಕು" ಎಂದ. ಗುಜರಿಯವನು ಹೇಳಿದ್ದನ್ನು ಹೇಳಲಿಲ್ಲ. ಅವಳು ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟಳು. ಗಂಟೆಯಂತೆ ನುಡಿಯಬೇಕಾದ ಕಬ್ಬಿಣ ಒಡಕು ಮಡಕೆಯಂತೆ ನುಡಿಯಿತು.

"ಎರಕದ ಗೆರೆ ಯಾವುದು, ಬಿರುಕು ಯಾವುದು, ನಿಮಗೆ ಗೊತ್ತಿಲ್ಲವೇ? ಗೊತ್ತಿದ್ದೂ ಕೇಳುತ್ತಿದ್ದೀರಿ. ಇದಕ್ಕೆ ನಾನು ಕೈ ಹಾಕುವುದಿಲ್ಲ."

ಅವನಿಗೆ ಸಿಟ್ಟು ಬಂತು, ಬ್ಲಾಕಿನ ಮೇಲಲ್ಲ, ಅವಳ ಮೇಲೆ. ಹೆಂಗಸಿಗೇನು ಗೊತ್ತು ಎಂದುಕೊಂಡ. ಗುಜರಿಯವನಿಗೆ ಕಣ್ಣು ಮಂಜು ಎಂದುಕೊಂಡ. ಎರಡು ದಿನ ಅನ್ನ ಸೇರಲಿಲ್ಲ. ಓಟಕ್ಕೆ ಮೂರು ತಿಂಗಳಿತ್ತು. ಇನ್ನೊಂದು ಬ್ಲಾಕ್ ಹುಡುಕಿದರೆ ಸಿಕ್ಕೀತು, ಸಿಗದೆಯೂ ಇದ್ದೀತು. ಮೂರನೆಯ ದಿನ ಉಜ್ಜುಕಾಗದ ಹಿಡಿದು ಕುಳಿತ. ಗೆರೆ ಕಣ್ಣಿಗೆ ಕಾಣದಂತೆ ಆಗುವವರೆಗೆ ಉಜ್ಜಿದ. ಉಜ್ಜುವಾಗ ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಉಜ್ಜಿ ಕೈ ತೊಳೆದ ಮೇಲೆ ಗೊತ್ತಿದ್ದದ್ದನ್ನು ಮರೆಯತೊಡಗಿದ.

ಬೇರೆ ಊರಿನ ಬೇರೆ ಅಂಗಡಿಗೆ ಹೋದ. ಅಲ್ಲಿ ಗೆರೆಯ ಮಾತೇ ಎತ್ತಲಿಲ್ಲ. "ಸಿಲಿಂಡರುಗಳು ಹೇಗಿವೆ, ಅಳತೆ ಹಿಡಿದು ಹೇಳಿ" ಎಂದಷ್ಟೇ ಕೇಳಿದ. ಅಂಗಡಿಯವನು ನಾಲ್ಕು ಸಿಲಿಂಡರುಗಳಿಗೂ ಅಳತೆ ಹಿಡಿದ. "ಸಿಲಿಂಡರುಗಳು ಚೆನ್ನಾಗಿವೆ, ಕೊರೆಯಬಹುದು" ಎಂದು ಕೊರೆದುಕೊಟ್ಟ. ಅವನು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ. ಆದರೆ ಮೆಕ್ಯಾನಿಕ್ಕನ ಕಿವಿಗೆ ಬಿದ್ದದ್ದು, ಬ್ಲಾಕ್ ಚೆನ್ನಾಗಿದೆ ಎಂದು.

ಆ ಓಟದಲ್ಲಿ ಓಡಿಸುವವನ ಪಕ್ಕದಲ್ಲಿ ಇನ್ನೊಬ್ಬ ಕೂರಬೇಕು. ಮುಂದಿನ ತಿರುವು ಎಂಥದೆಂದು ಹಾಳೆ ನೋಡಿ ಓದಿ ಹೇಳಬೇಕು. ಮೆಕ್ಯಾನಿಕ್ಕನ ಪಕ್ಕದಲ್ಲಿ ಕೂರುತ್ತಿದ್ದವನು ಅವನ ತಂಗಿಯ ಗಂಡ. ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದ, ಮೆದು ಮಾತಿನವನು. ಅವನಿಗೆ ಓಟದ ಹುಚ್ಚಿರಲಿಲ್ಲ, ಭಾವನ ಮೇಲೆ ಪ್ರೀತಿಯಿತ್ತು. ಓಟದ ದಿನ ಬೆಳಿಗ್ಗೆ ಕಾರಿನ ಬಾಗಿಲು ತೆರೆದವನು ಒಂದು ಕ್ಷಣ ನಿಂತ.

"ಭಾವ, ಬ್ಲಾಕನ್ನು ಯಾರಿಗಾದರೂ ತೋರಿಸಿದಿರಾ?"

"ಮೂವರು ನೋಡಿದ್ದಾರೆ" ಎಂದ ಮೆಕ್ಯಾನಿಕ್.

ತಂಗಿಯ ಗಂಡ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಕುಳಿತ.

ಏಳು ತಿರುವುಗಳವರೆಗೆ ಕಾರು ಹಾರಿಕೊಂಡು ಹೋಯಿತು. ಮೆಕ್ಯಾನಿಕ್ ತನ್ನ ಜನ್ಮದಲ್ಲಿ ಅಂಥ ಎಂಜಿನ್ನಿನ ದನಿ ಕೇಳಿರಲಿಲ್ಲ. ಆಗ ಅವನಿಗೆ ಸುಖವಾಗಿತ್ತು. ಅದನ್ನು ಮುಚ್ಚಿಡಬಾರದು. ಎಂಟನೆಯ ತಿರುವಿನಲ್ಲಿ ಬ್ಲಾಕ್ ಸೀಳಿತು. ಒಳಗೆ ತಿರುಗುತ್ತಿದ್ದದ್ದೆಲ್ಲ ಒಮ್ಮೆಗೇ ಕಚ್ಚಿಕೊಂಡು ನಿಂತಿತು. ಹಿಂದಿನ ಚಕ್ರಗಳು ಬಿಗಿದವು. ಸ್ಟೇರಿಂಗ್ ತಿರುಗಿಸಿದ, ಕಾರು ತಿರುಗಲಿಲ್ಲ. ಎಡಭಾಗ ಬಂಡೆಗೆ ಬಡಿಯಿತು. ಎಡಗಡೆ ಕೂತವನು ಸ್ಟ್ರೆಚರ್ ಬರುವ ಮೊದಲೇ ಹೋಗಿಬಿಟ್ಟ. ಬಲಗಡೆಯವನಿಗೆ ಮಣಿಕಟ್ಟು ಮುರಿದಿತ್ತು, ಅಷ್ಟೇ.

ಎಂಜಿನ್ ಬಿಚ್ಚಿದರು. ಬ್ಲಾಕ್ ಎಲ್ಲಿ ಸೀಳಿದೆಯೆಂದು ತಿಳಿಯಲು ಮೆಕ್ಯಾನಿಕ್ ಬಗ್ಗಿ ನೋಡಬೇಕಾಗಲಿಲ್ಲ. "ಹಳೆಯ ಕಬ್ಬಿಣ, ಯಾರು ತಾನೇ ಹೇಳಬಲ್ಲರು?" ಎಂದರು ಓಟ ನಡೆಸುವವರು.

ಆಮೇಲೆ ಅವನು ಮತ್ತೆ ತಿರುಗಾಟಕ್ಕೆ ಬಿದ್ದ. ಗೆಳೆಯರನ್ನು ಕೇಳಿದ, ಹಿರಿಯರನ್ನು ಕೇಳಿದ, ಜ್ಯೋತಿಷಿಯನ್ನು ಕೇಳಿದ. ಹಣೆಬರಹ ಎಂದರು ಕೆಲವರು. ಆಯುಸ್ಸು ಅಷ್ಟೇ ಇತ್ತು ಎಂದರು ಕೆಲವರು. ಸತ್ತವನಿಗೆ ಗಂಡಾಂತರವಿತ್ತು ಎಂದ ಜ್ಯೋತಿಷಿ. ಒಬ್ಬೊಬ್ಬರ ಮಾತೂ ಒಂದೊಂದು ವಾರ ಸಮಾಧಾನ ಕೊಡುತ್ತಿತ್ತು. ವಾರ ಕಳೆದ ಮೇಲೆ ಇನ್ನೊಬ್ಬರು ಬೇಕಾಗುತ್ತಿದ್ದರು.

ತಂಗಿಯ ಹತ್ತಿರ ಮಾತ್ರ ಹೋಗಲಿಲ್ಲ. ಅವಳೇ ಬಂದಳು.

"ಅಣ್ಣಾ, ಕಾರು ಹತ್ತುವ ಮುಂಚೆ ಅವರು ನಿನ್ನನ್ನು ಏನಾದರೂ ಕೇಳಿದರಾ?"

"ಏನೂ ಕೇಳಲಿಲ್ಲಮ್ಮ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅಣ್ಣನ ಮಣಿಕಟ್ಟಿನ ನೋವು ಹೇಗಿದೆ ಎಂದು ವಿಚಾರಿಸಿ ಹೋದಳು.

ಕೊನೆಗೆ ಅವನು ಈ ಮಠದ ಮೆಟ್ಟಿಲನ್ನೂ ಹತ್ತಿದ. ಸೀಮೆಸುಣ್ಣದ ಗೆರೆಯಿಂದ ಹಿಡಿದು ತಂಗಿಗೆ ಹೇಳಿದ ಸುಳ್ಳಿನವರೆಗೆ, ಯಾರಿಗೂ ಹೇಳದಿದ್ದದ್ದನ್ನೆಲ್ಲ ಹೇಳಿದ. ಇಷ್ಟನ್ನೂ ತನ್ನ ಬಾಯಿಂದಲೇ ಹೇಳಿ ಮುಗಿಸಿ, ತಲೆಯೆತ್ತಿ, "ನನ್ನ ತಪ್ಪೇನೂ ಇಲ್ಲವಲ್ಲ?" ಎಂದು ಕೇಳಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ನಿರುಪಾದಿ ಕಾದ.

"ಅವನಿಗೆ ತಾವು ಏನು ಹೇಳಿದಿರಿ?" ಎಂದು ಕೇಳಿದ.

"ಅದಿರಲಿ ನಿರುಪಾದಿ, ನಿನ್ನ ಅಣ್ಣನ ವಿಷಯವನ್ನು ನೀನು ಕೇಳಿದವರಲ್ಲಿ ನಾನು ಎಷ್ಟನೆಯವನು?"

ನಿರುಪಾದಿ ಒಂದೊಂದೇ ಬೆರಳು ಮಡಿಸಿ, ಇದುವರೆಗೆ ಕೇಳಿದವರನ್ನು ಎಣಿಸತೊಡಗಿದ.